ಪರದೇಶದ ಸರ್ಕಾರದಲ್ಲಿ ಹುದ್ದೆ: ಸರ್ಕಾರಿ ನೌಕರರಿಗೆ ಕಾನೂನು ಹೇಳುವುದೇನು?

ಜಿಲ್ಲಾ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಕೆಲಸ ಮಾಡುವ ಇಬ್ಬರು ಶುಶ್ರೂಷಕಿಯರನ್ನು ಊಹಿಸಿಕೊಳ್ಳಿ. ಇಬ್ಬರೂ ರಾಜ್ಯ ಸರ್ಕಾರದ ಕಾಯಂ ನೌಕರರು. ಇಬ್ಬರೂ ದೀರ್ಘ ರಜೆ ಪಡೆದು ಹೊರದೇಶಕ್ಕೆ ಹೊರಟಿದ್ದಾರೆ. ಒಬ್ಬರಿಗೆ ಸೌದಿ ಅರೇಬಿಯಾದ ಆರೋಗ್ಯ ಸಚಿವಾಲಯದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಇನ್ನೊಬ್ಬರಿಗೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ. ಎರಡೂ ಕಡೆ ಸಂಬಳ ಕೊಡುವುದು ಆಯಾ ದೇಶದ ಬೊಕ್ಕಸವೇ. ಆದರೂ ಭಾರತದ ಸಂವಿಧಾನದ ಕಣ್ಣಿನಲ್ಲಿ ಈ ಇಬ್ಬರ ಸ್ಥಿತಿ ಒಂದೇ ಅಲ್ಲ. ಏಕೆ ಅಲ್ಲ ಎಂಬುದನ್ನು ತಿಳಿಯಬೇಕಾದರೆ ಹೆಚ್ಚಿನವರು ಬಿರುದು ಬಾವಲಿಗಳ ವಿಧಿಯೆಂದು ಓದಿ ಮರೆತುಬಿಡುವ 18ನೇ ವಿಧಿಯನ್ನು ಕೊನೆಯ ಖಂಡದವರೆಗೂ ಓದಬೇಕು.

ರಾವ್ ಬಹದ್ದೂರ್, ಸರ್, ದಿವಾನ್ ಬಹದ್ದೂರ್ ಮುಂತಾದ ಬಿರುದುಗಳಿಗೆ ತೆರೆ ಎಳೆದದ್ದು 18ನೇ ವಿಧಿ ಎಂಬುದು ಶಾಲಾ ಪಠ್ಯದಿಂದಲೇ ಪರಿಚಿತ. ಆ ವಿಧಿಯ ನಾಲ್ಕನೆಯ ಖಂಡ ಹೇಳುವುದು ಬೇರೆಯದೇ ಮಾತು. ಪ್ರಭುತ್ವದ ಅಧೀನದಲ್ಲಿ ಯಾವುದೇ ಲಾಭದಾಯಕ ಹುದ್ದೆಯನ್ನು ಅಥವಾ ವಿಶ್ವಾಸದ ಹುದ್ದೆಯನ್ನು ಹೊಂದಿರುವ ವ್ಯಕ್ತಿ, ರಾಷ್ಟ್ರಪತಿಗಳ ಸಮ್ಮತಿಯಿಲ್ಲದೆ, ಯಾವುದೇ ವಿದೇಶೀ ರಾಜ್ಯದಿಂದ ಅಥವಾ ಅದರ ಅಧೀನದಲ್ಲಿ ಯಾವುದೇ ಬಗೆಯ ಕಾಣಿಕೆ, ಉಪಲಬ್ಧಿ ಅಥವಾ ಹುದ್ದೆಯನ್ನು ಸ್ವೀಕರಿಸತಕ್ಕದ್ದಲ್ಲ ಎಂಬುದು ಅದರ ಸಾರ.

ಇಲ್ಲಿನ ಪ್ರತಿ ಪದಕ್ಕೂ ತೂಕವಿದೆ. ‘ಪ್ರಭುತ್ವ’ ಎಂದರೆ ಕೇಂದ್ರ ಸರ್ಕಾರ ಮಾತ್ರವಲ್ಲ. 12ನೇ ವಿಧಿಯ ಪ್ರಕಾರ ರಾಜ್ಯ ಸರ್ಕಾರಗಳು, ನಗರಪಾಲಿಕೆ, ಪಂಚಾಯಿತಿಗಳಂತಹ ಸ್ಥಳೀಯ ಪ್ರಾಧಿಕಾರಗಳು, ಸರ್ಕಾರದ ಹಿಡಿತದಲ್ಲಿರುವ ಇತರ ಪ್ರಾಧಿಕಾರಗಳೂ ಅದರಲ್ಲಿ ಸೇರುತ್ತವೆ. ಖಂಡದಲ್ಲಿರುವುದು ‘ವ್ಯಕ್ತಿ’ ಎಂಬ ಪದವೇ ಹೊರತು ‘ನಾಗರಿಕ’ ಎಂಬುದಲ್ಲ. ಸಮ್ಮತಿ ಕೊಡಬೇಕಾದವರು ರಾಷ್ಟ್ರಪತಿಗಳು, ಅಂದರೆ ಕಾರ್ಯತಃ ಕೇಂದ್ರ ಸರ್ಕಾರ. ರಾಜ್ಯಪಾಲರ ಹೆಸರಾಗಲೀ ರಾಜ್ಯ ಸರ್ಕಾರದ ಹೆಸರಾಗಲೀ ಇಲ್ಲಿಲ್ಲ. ರಜೆ ಮಂಜೂರು ಮಾಡುವ ಅಧಿಕಾರ ಬೆಂಗಳೂರಿನ ಇಲಾಖೆಗಿದ್ದರೂ, ಪರರಾಜ್ಯದ ಹುದ್ದೆ ಸ್ವೀಕರಿಸಲು ಬೇಕಾದ ಸಮ್ಮತಿ ದೆಹಲಿಯಿಂದಲೇ ಬರಬೇಕೆಂಬ ಅರ್ಥ ಈ ಅಕ್ಷರಗಳಿಂದ ಹೊರಡುತ್ತದೆ. ಪರದೇಶಗಳೊಡನೆ ವ್ಯವಹರಿಸುವ ಹೊಣೆ ಒಕ್ಕೂಟದ್ದೇ ಆಗಿರುವಾಗ ಅದು ಸಹಜವೂ ಹೌದು.

ವಾಕ್ಯದ ಮೂಲ

ಈ ವಾಕ್ಯ ಭಾರತದಲ್ಲೇ ಹುಟ್ಟಿದ್ದಲ್ಲ. 1787ರ ಅಮೆರಿಕ ಸಂವಿಧಾನದ ಮೊದಲ ವಿಧಿಯ ಒಂಬತ್ತನೆಯ ಪ್ರಕರಣದಲ್ಲಿ ಬಹುಮಟ್ಟಿಗೆ ಇವೇ ಪದಗಳಿವೆ. ವ್ಯತ್ಯಾಸವೆಂದರೆ ಅಲ್ಲಿ ಸಮ್ಮತಿ ಕೊಡಬೇಕಾದದ್ದು ಅಧ್ಯಕ್ಷರಲ್ಲ, ಕಾಂಗ್ರೆಸ್. ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಊರಿಗೆ ಮರಳುವಾಗ, 1785ರಲ್ಲಿ, ದೊರೆ ಹದಿನಾರನೇ ಲೂಯಿ ವಜ್ರಖಚಿತ ನಶ್ಯದ ಡಬ್ಬಿಯೊಂದನ್ನು ಕೊಟ್ಟಿದ್ದ. ಯೂರೋಪಿನ ಆಸ್ಥಾನಗಳಲ್ಲಿ ಅದು ರೂಢಿಯ ಮರ್ಯಾದೆ. ಆಗತಾನೇ ಹುಟ್ಟಿದ ಗಣರಾಜ್ಯಕ್ಕೆ ಮಾತ್ರ ಅದು ಇರಿಸುಮುರಿಸಿನ ವಿಷಯವಾಯಿತು. ದೊರೆಗಳ ಉಡುಗೊರೆ ಪಡೆದ ರಾಯಭಾರಿ ನಾಳೆ ಯಾರ ಹಿತ ಕಾಯುತ್ತಾನೆ ಎಂಬುದು ಅಂದಿನವರ ಆತಂಕ.

ಭಾರತದ ಸಂವಿಧಾನದ ಮೊದಲ ಕರಡನ್ನು 1947ರ ಅಕ್ಟೋಬರ್ ವೇಳೆಗೆ ಸಿದ್ಧಪಡಿಸಿದ ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಹುಟ್ಟಿದವರು. ಬಳಿಕ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ದೇಶಗಳಿಗೆ ಹೋಗಿ ಅಲ್ಲಿನ ನ್ಯಾಯಮೂರ್ತಿಗಳೊಡನೆ, ಸಂವಿಧಾನ ತಜ್ಞರೊಡನೆ ಚರ್ಚಿಸಿ ಬಂದರು. ಅವರ ಬದುಕೇ ಈ ವಿಧಿಯ ಒಂದೊಂದು ಪದಕ್ಕೂ ಉದಾಹರಣೆ ಎನ್ನುವಂತಿದೆ. ಐಸಿಎಸ್ ಸೇವೆಯಿಂದ ನಿವೃತ್ತರಾದ ಮೇಲೆ ಅವರು ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದರು. ಬರ್ಮಾ ದೇಶದ ಸಂವಿಧಾನ ರಚನೆಗೆ ನೆರವಾದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು.

ಇವುಗಳಲ್ಲಿ ಕೊನೆಯದು ವಿದೇಶೀ ರಾಜ್ಯದ ಹುದ್ದೆಯಲ್ಲ ಎಂಬುದನ್ನು ಗಮನಿಸಬೇಕು. ವಿಶ್ವಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ಬ್ಯಾಂಕ್ ಇವು ರಾಜ್ಯಗಳ ಕೂಟಗಳೇ ಹೊರತು ರಾಜ್ಯಗಳಲ್ಲ. ಹಾಗಾಗಿ ಅಲ್ಲಿಗೆ ಹೋಗುವ ಅಧಿಕಾರಿಯನ್ನು ತಡೆಯುವುದು ಸೇವಾ ನಿಯಮಗಳೇ ಹೊರತು 18ನೇ ವಿಧಿಯಲ್ಲ.

ಯಾವ ದೇಶ ‘ವಿದೇಶ’?

ಮೇಲಿನ ಇಬ್ಬರು ಶುಶ್ರೂಷಕಿಯರ ಒಗಟಿಗೆ ಉತ್ತರವಿರುವುದು ಇಲ್ಲಿಯೇ. ವಿದೇಶೀ ರಾಜ್ಯವೆಂದರೆ ಭಾರತವಲ್ಲದ ಯಾವುದೇ ರಾಜ್ಯ ಎಂದು 367ನೇ ವಿಧಿ ಹೇಳುತ್ತದೆ. ಹಾಗೆ ಹೇಳಿದ ಉಸಿರಿನಲ್ಲೇ, ಯಾವುದೇ ರಾಜ್ಯವನ್ನು ವಿದೇಶೀ ರಾಜ್ಯವಲ್ಲವೆಂದು ಘೋಷಿಸುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ಕೊಡುತ್ತದೆ. ಸಂವಿಧಾನ ಪೂರ್ಣವಾಗಿ ಜಾರಿಗೆ ಬರುವ ಮುನ್ನವೇ, 1950ರ ಜನವರಿಯಲ್ಲಿ, ಈ ಅಧಿಕಾರದ ಬಳಕೆಯಾಯಿತು. ಸಂಸತ್ತು ಮಾಡುವ ಕಾನೂನಿಗೆ ಒಳಪಟ್ಟು, ಕಾಮನ್‌ವೆಲ್ತ್‌ಗೆ ಸೇರಿದ ಪ್ರತಿಯೊಂದು ದೇಶವೂ ಈ ಸಂವಿಧಾನದ ಉದ್ದೇಶಗಳಿಗೆ ವಿದೇಶೀ ರಾಜ್ಯವಲ್ಲ ಎಂದು ಅಂದಿನ ಆದೇಶ ಸಾರಿತು. ಗಣರಾಜ್ಯವಾದ ಮೇಲೂ ಕಾಮನ್‌ವೆಲ್ತ್‌ನಲ್ಲಿ ಉಳಿಯಬೇಕೆಂಬ ಅಂದಿನ ರಾಜಕೀಯ ನಿರ್ಧಾರದ ಫಲ ಅದು.

ಪರಿಣಾಮ ಸ್ವಲ್ಪ ವಿಚಿತ್ರವೇ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಸಿಂಗಪುರ, ಮಾರಿಷಸ್, ಫಿಜಿ ಇವು 18ನೇ ವಿಧಿಯ ಮಟ್ಟಿಗೆ ‘ವಿದೇಶ’ಗಳಲ್ಲ. ಕಾಮನ್‌ವೆಲ್ತ್‌ನ ಸದಸ್ಯನಾಗಿರುವುದರಿಂದ ಪಾಕಿಸ್ತಾನವೂ ಅಲ್ಲ! ಅದೇ ಅಮೆರಿಕ, ಜರ್ಮನಿ, ಜಪಾನ್, ಸೌದಿ ಅರೇಬಿಯಾ, ಕುವೈತ್, ಒಮಾನ್, ನೆರೆಯ ನೇಪಾಳ, ಭೂತಾನ್ ಸಹ ವಿದೇಶಗಳು. ಹೀಗಾಗಿ ರಿಯಾದಿಗೆ ಹೊರಟ ಶುಶ್ರೂಷಕಿಗೆ ರಾಷ್ಟ್ರಪತಿಗಳ ಸಮ್ಮತಿಯ ಪ್ರಶ್ನೆ ಎದುರಾದರೆ, ಲಂಡನ್ನಿಗೆ ಹೊರಟವರಿಗೆ ಅದು ಎದುರಾಗುವುದಿಲ್ಲ. ವಾರ್ಡಿನ ಶುಶ್ರೂಷಕಿಯ ಕೆಲಸ ‘ಹುದ್ದೆ’ ಎನಿಸುತ್ತದೆಯೇ ಎಂದು ವಕೀಲರು ವಾದಿಸಬಹುದು. ಆದರೆ ‘ಉಪಲಬ್ಧಿ’ ಎಂಬ ಪಕ್ಕದ ಪದ ಸಂಬಳವನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದೆ.

1950ರ ಆದೇಶದ ಮಿತಿಯನ್ನು ಸುಪ್ರೀಂ ಕೋರ್ಟ್ 1960ರಲ್ಲಿ, ಜಗನ್ನಾಥ ಸಾಠು ಪ್ರಕರಣದಲ್ಲಿ ಗುರುತಿಸಿತು. ವಿದೇಶೀ ಶಕ್ತಿಗಳೊಡನೆ ಭಾರತದ ಸಂಬಂಧಕ್ಕೆ ಧಕ್ಕೆ ತರುವ ಆರೋಪದ ಮೇಲೆ ಮುಂಜಾಗ್ರತಾ ಬಂಧನಕ್ಕೆ ಒಳಗಾದವರು, ಕಾಮನ್‌ವೆಲ್ತ್ ದೇಶಗಳು ವಿದೇಶಗಳೇ ಅಲ್ಲವೆಂದು ವಾದಿಸಿದ್ದರು. ಆದೇಶವು ಸಂವಿಧಾನದ ಉದ್ದೇಶಗಳಿಗಷ್ಟೇ ಅನ್ವಯವೆಂದೂ, ಅದರಿಂದ ಆ ದೇಶಗಳು ವಿದೇಶೀ ಶಕ್ತಿಗಳಾಗಿ ಉಳಿಯುವುದು ತಪ್ಪುವುದಿಲ್ಲವೆಂದೂ ನ್ಯಾಯಾಲಯ ಹೇಳಿತು. ಆದ್ದರಿಂದ ಲಂಡನ್ನಿನ ಶುಶ್ರೂಷಕಿ ಸಂವಿಧಾನದ ಬೇಲಿ ದಾಟಿದರೂ ಉಳಿದ ಬೇಲಿಗಳು ಹಾಗೆಯೇ ಇರುತ್ತವೆ. ಇದರ ಜೊತೆಗೆ ಇನ್ನೊಂದು ಕೊರತೆಯೂ ಇದೆ: ನಾಲ್ಕನೆಯ ಖಂಡವನ್ನು ಮೀರಿದರೆ ಏನು ಶಿಕ್ಷೆ ಎಂಬುದನ್ನು 18ನೇ ವಿಧಿ ಹೇಳುವುದಿಲ್ಲ. ನಿಜವಾಗಿ ನೌಕರನ ಕತ್ತು ಹಿಡಿಯುವುದು ಸೇವಾ ನಿಯಮಗಳು.

ಹೊರದೇಶವಿಲ್ಲದ ‘ಫಾರಿನ್ ಸರ್ವಿಸ್’

ಸೇವಾ ನಿಯಮಗಳನ್ನು ತೆರೆದವರಿಗೆ ಮೊದಲು ಗೊಂದಲ ಹುಟ್ಟಿಸುವುದು ‘ಫಾರಿನ್ ಸರ್ವಿಸ್’ ಎಂಬ ಪದ. ಕರ್ನಾಟಕ ಸಿವಿಲ್ ಸೇವಾ ನಿಯಮಗಳ ಕನ್ನಡದಲ್ಲಿ ಇದನ್ನು ‘ಅನ್ಯಸೇವೆ’ ಎಂದು ಕರೆದಿರುವುದು ಹೆಚ್ಚು ಸರಿಯಾದ ಮಾತು. ಕೇಂದ್ರದ ಫಂಡಮೆಂಟಲ್ ರೂಲ್ಸ್ ಪ್ರಕಾರ ಸರ್ಕಾರದ ಮಂಜೂರಾತಿಯೊಂದಿಗೆ ಸಂಚಿತ ನಿಧಿಯಲ್ಲದೆ ಬೇರೆ ಮೂಲದಿಂದ ಸಂಬಳ ಪಡೆಯುವ ಸೇವೆಯೇ ಇದು. ವಿಧಾನಸೌಧದ ಪಕ್ಕದ ಬೀದಿಯಲ್ಲಿರುವ ನಿಗಮವೊಂದಕ್ಕೆ ನಿಯೋಜನೆಗೊಂಡ ಅಧಿಕಾರಿಯೂ ಅನ್ಯಸೇವೆಯಲ್ಲಿದ್ದಾನೆ, ಪರದೇಶದ ಸರ್ಕಾರಕ್ಕೆ ಎರವಲು ಹೋದ ತಜ್ಞನೂ ಅನ್ಯಸೇವೆಯಲ್ಲಿದ್ದಾನೆ. ಲೆಕ್ಕಪತ್ರದವರ ದೃಷ್ಟಿಯಲ್ಲಿ ಮುಖ್ಯವಾದುದು ಗಡಿಯಲ್ಲ, ಸಂಬಳ ಹುಟ್ಟುವ ಖಜಾನೆ.

ಈ ನಿಯಮಗಳಲ್ಲಿ ನೌಕರನಿಗೆ ರಕ್ಷಣೆಯೂ ಉಂಟು. ಇಚ್ಛೆಗೆ ವಿರುದ್ಧವಾಗಿ ಯಾರನ್ನೂ ಅನ್ಯಸೇವೆಗೆ ಕಳುಹಿಸುವಂತಿಲ್ಲ ಎಂಬುದು ಕೇಂದ್ರ ನಿಯಮಗಳ 110ನೇ ನಿಯಮದ ಆರಂಭದಲ್ಲೇ ಇದೆ. ಐಎಎಸ್ ಅಧಿಕಾರಿಗಳ 1954ರ ಕೇಡರ್ ನಿಯಮಗಳೂ ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ನಿಯೋಜಿಸುವಾಗ ಅಧಿಕಾರಿಯ ಒಪ್ಪಿಗೆ ಬೇಕೆನ್ನುತ್ತವೆ. ಹೋದವರ ಮೂಲ ಹುದ್ದೆಯ ಮೇಲಿನ ಹಕ್ಕು, ಅಂದರೆ ಲೀನ್, ಉಳಿಯುತ್ತದೆ. ಆದರೆ ಆ ಅವಧಿ ನಿವೃತ್ತಿ ವೇತನಕ್ಕೆ ಲೆಕ್ಕವಾಗಬೇಕಾದರೆ ನಿವೃತ್ತಿ ವೇತನದ ಹಾಗೂ ರಜೆ ಸಂಬಳದ ವಂತಿಗೆ ನಿಯಮದಂತೆ ಸರ್ಕಾರಕ್ಕೆ ಸಂದಾಯವಾಗುತ್ತಿರಬೇಕು. ಅದು ಪರದೇಶದ ಸರ್ಕಾರದ ಹೊಣೆಯೋ ನೌಕರನ ಹೊಣೆಯೋ ಎಂಬುದು ಆದೇಶದಲ್ಲಿ ಸ್ಪಷ್ಟವಾಗದೆ ಹೋದರೆ ನಿವೃತ್ತಿಯ ಹೊತ್ತಿಗೆ ಕಡತಗಳು ವರ್ಷಗಟ್ಟಲೆ ಅಲೆಯುವುದು ಖಚಿತ.

ಭಾರತ ಸರ್ಕಾರ ತಾನೇ ಮುಂದಾಗಿ ತನ್ನವರನ್ನು ಪರಸರ್ಕಾರಗಳ ಕೆಲಸಕ್ಕೆ ಕಳುಹಿಸಿದ ಪರಂಪರೆ ದೊಡ್ಡದು. ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಆ ಹುದ್ದೆಯಲ್ಲಿದ್ದಾಗಲೇ 1953ರಲ್ಲಿ ಸುಡಾನ್ ದೇಶದ ಚುನಾವಣೆ ನಡೆಸಿಕೊಟ್ಟ ಆಯೋಗದ ಅಧ್ಯಕ್ಷರಾಗಿದ್ದರು. 1964ರಲ್ಲಿ ಆರಂಭವಾದ ಐಟೆಕ್ ಕಾರ್ಯಕ್ರಮದಡಿ ಏಷ್ಯಾ, ಆಫ್ರಿಕಾದ ಹಲವು ದೇಶಗಳಿಗೆ ತಜ್ಞರು ಹೋಗಿದ್ದಾರೆ. ಮಾರಿಷಸ್‌ನ ರಾಷ್ಟ್ರೀಯ ಕರಾವಳಿ ಪಡೆಯ ಮುಖ್ಯಸ್ಥರಾಗಿ ಭಾರತೀಯ ನೌಕಾಪಡೆಯ ಅಧಿಕಾರಿಗಳು ದಶಕಗಳಿಂದ ನಿಯೋಜನೆಗೊಳ್ಳುತ್ತಿದ್ದಾರೆ. ಒಂದು ದೇಶದ ಸಮವಸ್ತ್ರದವರು ಇನ್ನೊಂದು ದೇಶದ ಪಡೆಯನ್ನು ಮುನ್ನಡೆಸುವ ಇಂತಹ ಏರ್ಪಾಟಿನಲ್ಲಿ ನಿಷ್ಠೆಯ ಪ್ರಶ್ನೆ ಏಳದಿರುವುದಕ್ಕೆ ಎರಡು ಸರ್ಕಾರಗಳೂ ಮುಂಚಿತವಾಗಿ ಒಪ್ಪಿರುವುದೇ ಕಾರಣ.

ತೊಡಕು ಹುಟ್ಟುವುದು ನೌಕರ ತಾನಾಗಿ ಹೋದಾಗ. ರಜೆಯಲ್ಲಿದ್ದರೆ ಸರ್ಕಾರದ ಹಂಗಿಲ್ಲ ಎಂಬ ಭಾವನೆ ಅನೇಕರಲ್ಲಿದೆ. ಅದು ತಪ್ಪು. ಸಂಬಳರಹಿತ ರಜೆಯಲ್ಲಿದ್ದರೂ ಹುದ್ದೆ ಹುದ್ದೆಯೇ. ರಜೆಯಲ್ಲಿರುವವರು ಪೂರ್ವಾನುಮತಿ ಇಲ್ಲದೆ ಬೇರೆ ಕೆಲಸ ಹಿಡಿಯುವಂತಿಲ್ಲ ಎಂದು ಕೇಂದ್ರ ನಿಯಮಗಳ 69ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅನುಮತಿಯಿಲ್ಲದ ಖಾಸಗಿ ಉದ್ಯೋಗವನ್ನು ಕೇಂದ್ರದ 1964ರ ನಡತೆ ನಿಯಮಗಳೂ, ರಾಜ್ಯದಲ್ಲಿ 1966ರ ನಿಯಮಗಳ ಜಾಗಕ್ಕೆ ಬಂದ ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ಸಹ ದುರ್ನಡತೆಯೆಂದೇ ಕಾಣುತ್ತವೆ. ಕೇರಳದ ದಾರಿ ಬೇರೆ. ಹೊರಗೆ ಉದ್ಯೋಗ ಮಾಡಲೆಂದೇ ಸಂಬಳರಹಿತ ರಜೆ ಕೊಡುವ ಏರ್ಪಾಟು ಆ ರಾಜ್ಯದ ಸೇವಾ ನಿಯಮಗಳಲ್ಲಿದ್ದು, ಒಟ್ಟು 20 ವರ್ಷಗಳವರೆಗೆ ಇದ್ದ ಅದರ ಮಿತಿಯನ್ನು 2020ರಲ್ಲಿ 5 ವರ್ಷಕ್ಕೆ ಇಳಿಸಲಾಯಿತು. ಇಪ್ಪತ್ತು ವರ್ಷ ಕೊಲ್ಲಿಯಲ್ಲಿದ್ದು ನಿವೃತ್ತಿಗೆ ಮುನ್ನ ಊರಿಗೆ ಮರಳಿ ಹಾಜರಾಗುವ ಸೌಲಭ್ಯವನ್ನು ಬೇರೆ ರಾಜ್ಯಗಳ ನೌಕರರು ಅಸೂಯೆಯಿಂದ ನೋಡಿದ್ದರೆ ಆಶ್ಚರ್ಯವಿಲ್ಲ. ಆ ಅವಧಿಯಲ್ಲಿ ಖಾಲಿ ಬಿದ್ದ ಹಾಸಿಗೆ ಪಕ್ಕದ ಕುರ್ಚಿಯ ಲೆಕ್ಕ ಬೇರೆ.

ರಜೆಯ ಪ್ರಶ್ನೆಯನ್ನು ಅಮೆರಿಕದ ನ್ಯಾಯ ಇಲಾಖೆಯೂ 1994ರಲ್ಲಿ ಎದುರಿಸಿತ್ತು. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ನಾಸಾದ ಇಬ್ಬರು ವಿಜ್ಞಾನಿಗಳು ಸಂಬಳರಹಿತ ರಜೆಯ ಮೇಲೆ ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಬಯಸಿದ್ದರು. ಅದು ಸರ್ಕಾರದ ಅನುದಾನದಲ್ಲಿ ನಡೆಯುವ ವಿಶ್ವವಿದ್ಯಾಲಯ. ಆದರೂ ಅಧ್ಯಾಪಕರ ನೇಮಕದಲ್ಲಿ ಅದು ಸರ್ಕಾರದಿಂದ ಸ್ವತಂತ್ರವಾಗಿರುವುದರಿಂದ ಅಲ್ಲಿನ ಕೆಲಸ ವಿದೇಶೀ ರಾಜ್ಯದ ಹುದ್ದೆಯಾಗದು ಎಂಬ ಅಭಿಪ್ರಾಯ ಹೊರಬಿತ್ತು. ದುಡ್ಡು ಯಾರದು ಎಂಬುದಕ್ಕಿಂತ ಹಿಡಿತ ಯಾರದು ಎಂದು ಕೇಳುವ ಈ ತರ್ಕ ವಿವೇಕಯುತವಾದದ್ದು. ಸಂಶೋಧನೆಗೆಂದು ಹೊರದೇಶಕ್ಕೆ ಹೋಗುವ ನಮ್ಮ ವಿಜ್ಞಾನಿಗಳ, ಅಧ್ಯಾಪಕರ ವಿಷಯದಲ್ಲೂ ಪ್ರಶ್ನೆ ಇದೇ ತಾನೇ?

ನಿವೃತ್ತಿಯ ನಂತರ

ಹುದ್ದೆಯಿಂದ ಇಳಿದ ಮೇಲೆ 18ನೇ ವಿಧಿಯ ನಾಲ್ಕನೆಯ ಖಂಡ ಅನ್ವಯವಾಗದು. ಸುಪ್ರೀಂ ಕೋರ್ಟಿನಿಂದ 2018ರ ಡಿಸೆಂಬರಿನಲ್ಲಿ ನಿವೃತ್ತರಾದ ನ್ಯಾಯಮೂರ್ತಿ ಮದನ್ ಲೋಕುರ್ ಮರುವರ್ಷ ಫಿಜಿಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. 2019ರ ಮಾರ್ಚಿನಲ್ಲಿ ನಿವೃತ್ತರಾದ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅದೇ ವರ್ಷ ಸಿಂಗಪುರದ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯಕ್ಕೆ ನೇಮಕಗೊಂಡರು. ಇವೆರಡಕ್ಕೂ ಆಕ್ಷೇಪ ಬರಲಿಲ್ಲ. ಆದರೆ ಸಿಕ್ರಿಯವರು ಇನ್ನೂ ಪೀಠದಲ್ಲಿದ್ದಾಗ ಕಾಮನ್‌ವೆಲ್ತ್ ಸಚಿವಾಲಯದ ಪಂಚಾಯ್ತಿ ನ್ಯಾಯಮಂಡಳಿಗೆ ಸರ್ಕಾರ ಅವರ ಹೆಸರು ಸೂಚಿಸಿದ್ದು ಬಹಿರಂಗವಾದಾಗ, 2019ರ ಜನವರಿಯಲ್ಲಿ, ದೊಡ್ಡ ವಿವಾದವೆದ್ದು ಅವರು ತಮ್ಮ ಸಮ್ಮತಿಯನ್ನೇ ಹಿಂತೆಗೆದುಕೊಂಡರು. ಆ ಹುದ್ದೆ ವಿದೇಶೀ ರಾಜ್ಯದ್ದಾಗಿರಲಿಲ್ಲ, ನಿಯಮದ ಉಲ್ಲಂಘನೆಯೂ ಇರಲಿಲ್ಲ. ಕೊಡುವವರಾರು ಎಂಬ ಪ್ರಶ್ನೆಯಷ್ಟೇ ಕೊಡಿಸುವವರಾರು ಎಂಬ ಪ್ರಶ್ನೆಯೂ ಜನರಿಗೆ ಮುಖ್ಯವೆಂಬುದು ಅಂದು ಕಂಡಿತು.

ಅಧಿಕಾರಿಗಳಿಗೆ ಇಷ್ಟು ಸ್ವಾತಂತ್ರ್ಯವಿಲ್ಲ. ಕೇಂದ್ರದ ‘ಎ’ ಗುಂಪಿನ ಸೇವೆಯಿಂದ ನಿವೃತ್ತರಾದವರು ಭಾರತದ ಹೊರಗಿನ ಸರ್ಕಾರದ ಕೆಲಸ ಹಿಡಿಯುವುದಾದರೆ ಪೂರ್ವಾನುಮತಿ ಪಡೆಯಬೇಕು, ಇಲ್ಲವಾದರೆ ಆ ಅವಧಿಗೆ ನಿವೃತ್ತಿ ವೇತನವಿಲ್ಲ ಎಂದು 1972ರ ಪಿಂಚಣಿ ನಿಯಮಗಳ 12ನೇ ನಿಯಮ ವಿಧಿಸಿತ್ತು. ಪರಸರ್ಕಾರದ ಹಿಡಿತದಲ್ಲಿರುವ ನಿಗಮಗಳನ್ನೂ, ಭಾರತ ಸದಸ್ಯನಲ್ಲದ ಅಂತರರಾಷ್ಟ್ರೀಯ ಸಂಸ್ಥೆಗಳನ್ನೂ ಅದು ಸೇರಿಸಿಕೊಂಡಿತ್ತು. 2021ರಲ್ಲಿ ಈ ನಿಯಮಾವಳಿಯ ಸ್ಥಾನದಲ್ಲಿ ಹೊಸದು ಬಂದಿದ್ದು, ಈಗ ನಿವೃತ್ತರಾಗುವವರು ನೋಡಬೇಕಾದದ್ದು ಅದನ್ನು.

ಬೇರೆ ದೇಶಗಳಲ್ಲಿ ಈ ವಿಷಯ ಸೇನಾಧಿಕಾರಿಗಳ ಸುತ್ತ ಕಾವೇರಿದೆ. ಪಾಕಿಸ್ತಾನದ ಮಾಜಿ ಸೇನಾ ಮುಖ್ಯಸ್ಥ ಜನರಲ್ ರಹೀಲ್ ಶರೀಫ್ 2017ರಲ್ಲಿ ಸೌದಿ ನೇತೃತ್ವದ ಸೇನಾ ಒಕ್ಕೂಟದ ಮುಖ್ಯಸ್ಥರಾದಾಗ, ಮಾಜಿ ಸರ್ಕಾರಿ ನೌಕರರು ಪರಸರ್ಕಾರಗಳ ಕೆಲಸಕ್ಕೆ ಸೇರುವುದನ್ನು ನಿಷೇಧಿಸುವ 1966ರ ಅಲ್ಲಿನ ಕಾಯ್ದೆ ಚರ್ಚೆಗೆ ಬಂತು. ಸಚಿವ ಸಂಪುಟದ ಒಪ್ಪಿಗೆಯಿಲ್ಲದ ನಿರಾಕ್ಷೇಪಣಾ ಪತ್ರ ಸಾಲದೆಂದು 2018ರ ಡಿಸೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಮರು ತಿಂಗಳು ಸಂಪುಟ ಒಪ್ಪಿತು.

ಅಮೆರಿಕದಲ್ಲಿ ನಿವೃತ್ತ ಸೇನಾಧಿಕಾರಿಯನ್ನು ಮತ್ತೆ ಕರೆಸಿಕೊಳ್ಳಲು ಅವಕಾಶವಿರುವುದರಿಂದ ಅವನು ಹುದ್ದೆಯಲ್ಲೇ ಇದ್ದಾನೆಂದು ಕಾನೂನು ಭಾವಿಸುತ್ತದೆ. ಎಸ್ಟೋನಿಯಾ ಮೂಲದ ನಿವೃತ್ತ ಅಮೆರಿಕನ್ ಕರ್ನಲ್ ಅಲೆಕ್ಸಾಂಡರ್ ಐನ್‌ಸೆಲ್ನ್ 1993ರಲ್ಲಿ ತಾಯ್ನಾಡಿನ ರಕ್ಷಣಾ ಪಡೆಗಳ ದಂಡನಾಯಕರಾದಾಗ ಅವರ ನಿವೃತ್ತಿ ವೇತನಕ್ಕೇ ಸಂಚಕಾರ ಬಂದಿತ್ತು. ಹೊಸದಾಗಿ ಪ್ರಜಾಪ್ರಭುತ್ವಕ್ಕೆ ಬಂದ ದೇಶಗಳ ಸೇನೆಗೆ ಸೇರಲು ಕಾಂಗ್ರೆಸ್ ಬಳಿಕ ಕಾನೂನಿನಲ್ಲೇ ಒಪ್ಪಿಗೆ ಕೊಟ್ಟಿತು. 2015ರಿಂದೀಚೆಗೆ 500ಕ್ಕೂ ಹೆಚ್ಚು ಅಮೆರಿಕನ್ ನಿವೃತ್ತ ಸೇನಾ ಸಿಬ್ಬಂದಿ ಪರಸರ್ಕಾರಗಳ ಕೆಲಸ ಹಿಡಿದದ್ದನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2022ರಲ್ಲಿ ಬಯಲಿಗೆಳೆಯಿತು. ಅದೇ ವರ್ಷ ತನ್ನ ಮಾಜಿ ಪೈಲಟ್‌ಗಳನ್ನು ಚೀನಾ ಸೆಳೆಯುತ್ತಿದೆಯೆಂದು ಬ್ರಿಟನ್ ಎಚ್ಚರಿಸಿತು. ಆಸ್ಟ್ರೇಲಿಯಾ 2024ರಲ್ಲಿ, ರಕ್ಷಣಾ ಸೇವೆಯಲ್ಲಿದ್ದವರು ಪರದೇಶದ ಸೇನೆಗಳಿಗೆ ತರಬೇತಿ ನೀಡಲು ಪರವಾನಗಿ ಪಡೆಯಬೇಕೆಂಬ ಕಾಯ್ದೆಯನ್ನೇ ತಂದಿತು.

ಇದರ ಬಿಸಿ ಭಾರತಕ್ಕೂ ತಟ್ಟಿದೆ. ಕತಾರಿನಲ್ಲಿ ಖಾಸಗಿ ಸಂಸ್ಥೆಯೊಂದರ ನೌಕರರಾಗಿದ್ದ ಭಾರತೀಯ ನೌಕಾಪಡೆಯ 8 ಮಂದಿ ಮಾಜಿಗಳನ್ನು 2022ರ ಆಗಸ್ಟಿನಲ್ಲಿ ಬಂಧಿಸಲಾಯಿತು. 2023ರ ಅಕ್ಟೋಬರಿನಲ್ಲಿ ಮರಣದಂಡನೆ, ಡಿಸೆಂಬರಿನಲ್ಲಿ ಅದರ ಇಳಿಕೆ, 2024ರ ಫೆಬ್ರವರಿಯಲ್ಲಿ ಬಿಡುಗಡೆ. ಹದಿನೆಂಟು ತಿಂಗಳ ಕಾಲ ಎಂಟು ಕುಟುಂಬಗಳು ಉಸಿರು ಬಿಗಿಹಿಡಿದಿದ್ದವು. ಅವರನ್ನು ನೇಮಿಸಿಕೊಂಡದ್ದು ಸರ್ಕಾರವಲ್ಲ, ಕಂಪನಿ. ಆದರೆ ಆ ಕಂಪನಿ ಕೆಲಸ ಮಾಡುತ್ತಿದ್ದುದು ಅಲ್ಲಿನ ಸೇನೆಗಾಗಿ. ಇಂತಹ ಮಧ್ಯವರ್ತಿ ಕಂಪನಿಗಳ ಕಾಲದಲ್ಲಿ ‘ಪರಸರ್ಕಾರದ ಉದ್ಯೋಗ’ ಎಂಬ ಹಳೆಯ ಪದಗುಚ್ಛ ಎಷ್ಟರ ಮಟ್ಟಿಗೆ ಸಾಕಾಗುತ್ತದೆ ಎಂಬುದು ನಿಯಮ ರೂಪಿಸುವವರು ಯೋಚಿಸಬೇಕಾದ ಮಾತು.

ಹುದ್ದೆಯಲ್ಲ, ಊಟ-ವಸತಿ ಮಾತ್ರ

ಹುದ್ದೆಯ ಮಾತಿಲ್ಲದೆ ಬರಿಯ ಆಹ್ವಾನದ ಮೇಲೆ ಪರದೇಶಕ್ಕೆ ಹೋಗುವವರನ್ನು ಹಿಡಿಯುವುದು 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆ. ಪರದೇಶದ ಸರ್ಕಾರ ವಿಮಾನದ ಟಿಕೆಟ್ಟು, ಊಟ, ವಸತಿ, ಚಿಕಿತ್ಸೆಯ ವೆಚ್ಚ ಭರಿಸುವುದಾದರೆ ಶಾಸಕರು, ಪಕ್ಷಗಳ ಪದಾಧಿಕಾರಿಗಳು, ನ್ಯಾಯಾಧೀಶರು, ಸರ್ಕಾರಿ ನೌಕರರು, ಸರ್ಕಾರಿ ನಿಗಮಗಳ ನೌಕರರು ಎಲ್ಲರೂ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಪಡೆಯಬೇಕೆಂದು ಅದರ 6ನೇ ಪ್ರಕರಣ ಹೇಳುತ್ತದೆ. ಇಲ್ಲಿ ಕಾಮನ್‌ವೆಲ್ತ್‌ನ ರಿಯಾಯಿತಿ ಇಲ್ಲ. ಲಂಡನ್ ಆದರೂ ಒಂದೇ, ರಿಯಾದ್ ಆದರೂ ಒಂದೇ. ವಿಶ್ವಸಂಸ್ಥೆ, ವಿಶ್ವ ಬ್ಯಾಂಕ್, ಅಂತರರಾಷ್ಟ್ರೀಯ ಹಣಕಾಸು ನಿಧಿಗಳು ಮಾತ್ರ ‘ವಿದೇಶಿ ಮೂಲ’ದ ವ್ಯಾಖ್ಯೆಯಿಂದ ಹೊರಗಿವೆ.

ಪ್ರವಾಸದಲ್ಲಿರುವಾಗ ಹಠಾತ್ತನೆ ಕಾಯಿಲೆ ಬಿದ್ದು ಆತಿಥೇಯ ಸರ್ಕಾರವೇ ಆಸ್ಪತ್ರೆಗೆ ಸೇರಿಸಿದರೆ ಅದಕ್ಕೆ ಮುಂಚಿತ ಅನುಮತಿ ಬೇಕಿಲ್ಲ. ಆದರೆ ಆ ಉಪಚಾರ ಪಡೆದ ದಿನದಿಂದ ಒಂದು ತಿಂಗಳೊಳಗೆ ಅದರ ಮೂಲ, ಅಂದಾಜು ಬೆಲೆ, ಪಡೆದ ಬಗೆಯನ್ನು ಕೇಂದ್ರ ಸರ್ಕಾರಕ್ಕೆ ತಿಳಿಸಬೇಕು. ಉಳಿದವರು ಎಫ್‌ಸಿ-2 ನಮೂನೆಯ ಅರ್ಜಿಯನ್ನು ಆಹ್ವಾನ ಪತ್ರದೊಂದಿಗೆ, ತಮ್ಮ ಇಲಾಖೆಯ ಒಪ್ಪಿಗೆಯನ್ನೂ ಸೇರಿಸಿ, ಹೊರಡುವ ದಿನಕ್ಕೆ ಕನಿಷ್ಠ ಎರಡು ವಾರ ಮೊದಲು ಸಲ್ಲಿಸಬೇಕಾಗುತ್ತದೆ.